ಸೊನ್ನೆಯ ತೂಕ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನ ಗೇಟಿನಲ್ಲಿ
ಲಾರಿ ತೂಗುವವಳು ನಾನು.
ನನ್ನ ಯಂತ್ರಕ್ಕೆ ಸಣ್ಣ ಲೆಕ್ಕ ಬಾರದು.
ಇಪ್ಪತ್ತು, ನಲವತ್ತು, ಅರವತ್ತು ಕಿಲೋ, ಹೀಗೆ
ಮೆಟ್ಟಿಲು ಹಾರಿ ಹಾರಿ ಹೋಗುತ್ತದೆ.
ನಡುವೆ ಬಿದ್ದದ್ದು ಯಾರದೂ ಅಲ್ಲ.

ಅದು ಬಂದ ದಿನ
ಕಬ್ಬಿಣದ ಹಲಗೆಯ ನಟ್ಟನಡುವೆ ನಿಲ್ಲಿಸಿದೆ.
ಬೋರ್ಡಿನ ಕೆಂಪು ಅಂಕಿ ಅಲುಗಲಿಲ್ಲ.
ಸುಂಟಿಕೊಪ್ಪದ ಲಾರಿಯ ಹಂಸ ಕಿಟಕಿಯಿಂದ ಬಗ್ಗಿ ನಕ್ಕ:
"ದಮಯಂತಕ್ಕ, ಸೊನ್ನೆ ತಂದಿದ್ದೀರಲ್ಲ!"
ಹೆಸರು ಹುಡುಕುವ ತಾಪತ್ರಯ ಅಲ್ಲಿಗೆ ತೀರಿತು.

ತರಬೇಕೆಂದು ಹೋದವಳಲ್ಲ.
ಅಮ್ಮತ್ತಿ ದಾರಿಯಲ್ಲಿ ಮುದ್ದಯ್ಯನವರ ನಾಯಿಮನೆಗೆ
ಹರಿದ ಗೋಣಿಚೀಲ ಕೊಡಲು ಹೋಗಿದ್ದೆ, ಚಳಿಗೆ ಹಾಸಲಿಕ್ಕೆ.
ಇಪ್ಪತ್ತೊಂದು ನಾಯಿ ತಂತಿಬಲೆಗೆ ಹಾರಿ ಬಿದ್ದು ಬೊಗಳಿದವು.
ಇದೊಂದು ಗೋಡೆಗೆ ಮುಖ ಮಾಡಿ ಕೂತಿತ್ತು,
ಮೇಷ್ಟ್ರು ಮೂಲೆಗೆ ನಿಲ್ಲಿಸಿ
ಮರೆತು ಮನೆಗೆ ಹೋದ ಹುಡುಗಿಯ ಹಾಗೆ.

ಕಾಡುಹಂದಿಗೆ ಇಟ್ಟ ಉರುಳು.
ಮೂರು ದಿನ.
ಸೊಂಟದ ಸುತ್ತ ಕೂದಲು ಬಾರದ ಒಂದು ಗೆರೆ,
ಬೈಕಿನ ಕ್ಲಚ್ಚಿನ ತಂತಿ ಬರೆದದ್ದು.
"ಇದನ್ನು ಯಾರೂ ಕೇಳುವುದಿಲ್ಲ," ಎಂದರು ಮುದ್ದಯ್ಯ,
ದೂರಿನ ದನಿಯಲ್ಲಲ್ಲ,
ಇವತ್ತಿನ ಮೆಣಸಿನ ರೇಟು ಹೇಳುವ ದನಿಯಲ್ಲಿ.
ಚೀಲ ಇಳಿಸಿದ ಜೀಪಿನಲ್ಲಿ ಜಾಗ ಇತ್ತು.

ಮೊದಲ ತಿಂಗಳು ನನ್ನ ಮೇಜಿನಡಿಯೇ ಅದರ ಊರು.
ಮೊಬೈಲಿನ ಚಾರ್ಜರ್ ವೈರಿಗೆ ಹೆದರಿತು,
ಬಟ್ಟೆ ಒಣಗಿಸುವ ಹಗ್ಗಕ್ಕೆ, ಚೀಲ ಹೊಲಿಯುವ ಹುರಿಗೆ.
ಬಾಗಿ ಅನ್ನ ಇಡುವಾಗ
ನನ್ನ ಕೊರಳ ಗುರುತಿನ ಚೀಟಿಯ ಪಟ್ಟಿ ಜೋಲಾಡಿತು;
ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.
ಪಟ್ಟಿ ಬಿಚ್ಚಿ ಡ್ರಾಯರಿಗೆ ಹಾಕಿದೆ.
"ನಿಮ್ಮ ಐಡಿ ಎಲ್ಲಿ?" ಎಂದರು ಮ್ಯಾನೇಜರು.
ಹದಿನಾರು ವರ್ಷ ಇದೇ ಕುರ್ಚಿ, ಸಾರ್,
ನಾನು ನಾನೇ ಅನ್ನಲಿಕ್ಕೆ ದಾರ ಬೇಕೆ?
ಅಷ್ಟುದ್ದ ಮಾತು
ಅವರಿಗೂ ಹೊಸತು, ನನಗೂ.

ಜನವರಿ. ರಾತ್ರಿ ಪಾಳಿ.
ಹೊಟ್ಟಿನ ಧೂಳು ಮಂಜಿಗೆ ಅಂಟಿಕೊಂಡು
ದೀಪದ ಕಂಬಕ್ಕೆಲ್ಲ ಕಂದು ಬಣ್ಣ.
ತೂಕ ಮುಗಿದು ತೂಕಡಿಕೆ ಶುರುವಾಗುವ ಮೂರು ಗಂಟೆಗೆ
ಪಾದದ ಮೇಲೆ ಬೆಚ್ಚಗೆ ಏನೋ ಬಂದು ಕೂತಿತು.
ಒಂದು ಗದ್ದ.
ಅಷ್ಟೇ, ಇನ್ನೇನಿಲ್ಲ, ಒಂದು ನಾಯಿಯ ಗದ್ದ.
ಕಾಲು ಜೋಮು ಹಿಡಿಯಿತು. ಎಳೆದುಕೊಳ್ಳಲಿಲ್ಲ.
ಹೊರಗೆ ಎರಡು ಲಾರಿ ಹಾರನ್ ಹೊಡೆದು ಹೊಡೆದು ಸುಮ್ಮನಾದವು.
ಆ ಹನ್ನೊಂದು ನಿಮಿಷಕ್ಕೆ
ಲೆಡ್ಜರಿನಲ್ಲಿ ಕಾರಣ ಬರೆದಿಲ್ಲ.

ಪುಣ್ಯ ಬರುತ್ತದೆ, ಅನ್ನುತ್ತಾರೆ ಜನ.
ಬಂದಾಗ ನೋಡೋಣ.
ಸದ್ಯ ಬಂದಿರುವುದು ಒಂಟಿ ಚಪ್ಪಲಿ,
ಅದರ ಜೋಡಿ ಸೊನ್ನೆಯ ಹೊಟ್ಟೆಯಲ್ಲಿ.
ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದವಳು ನಾನು,
ಈಗ ಕೂರುತ್ತೇನೆ. ನಾನು ಕೂರದೆ ಅದು ತಟ್ಟೆಗೆ ಬಾಯಿಡದು.
ಮೀನಿನ ತಲೆ ಅದಕ್ಕೆ, ನಡು ನನಗೆ.
ಮುಳ್ಳು ಬಿಡಿಸುವಾಗ ಅದು ನನ್ನ ಬೆರಳು ನೋಡುವ ಹಾಗೆ
ಯಾರೂ ನನ್ನ ಯಾವ ಕೆಲಸವನ್ನೂ ನೋಡಿದವರಲ್ಲ.

ನಿನ್ನೆ ಸೀಸನ್ನಿನ ಕೊನೆಯ ಲೋಡು ಇಳಿದಿತ್ತು.
ಹಂಸ ನನ್ನ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ.
ಖಾಲಿ ಹಲಗೆಯ ಮೇಲೆ ಬಿಸಿಲು ಬಿದ್ದಿತ್ತು.
ಸೊನ್ನೆ ಯಾರೂ ಕರೆಯದೆ ನಡೆದು ಬಂದು
ನಟ್ಟನಡುವೆ ಅಂಗಾತ ಮಲಗಿತು,
ಆ ಗೆರೆಯನ್ನು ಇಡೀ ಕೂಡ್ಲೂರಿಗೆ ತೋರಿಸುತ್ತ.

ಬೋರ್ಡು ಒಮ್ಮೆ ಕಣ್ಣು ಮಿಟುಕಿಸಿ ಹಾರಿತು:
ಇಪ್ಪತ್ತು.

ಡಾಕ್ಟರ ತಕ್ಕಡಿಯಲ್ಲಿ ಅದು ಹದಿನಾಲ್ಕು ಕಿಲೋ.
ಉಳಿದ ಆರು ಯಂತ್ರದ ತಪ್ಪು, ಗೊತ್ತು,
ಇದೇ ನನ್ನ ಕಸುಬು.
ತಿದ್ದಲಿಲ್ಲ.

ಹಂಸ ಒಳಗಿಂದ ಚೀಟಿ ಒತ್ತಿ ತಂದ.
ವಾಹನ ಸಂಖ್ಯೆ: ಖಾಲಿ.
ಸರಕು ಎಂಬಲ್ಲಿ ಅವನ ಕೋಳಿಕಾಲು ಅಕ್ಷರದಲ್ಲಿ: ಸೊನ್ನೆ.
ಓದಿ ಮುಗಿಸುವ ಮೊದಲೇ
ಅದು ಎದ್ದು, ಮೂಸಿ, ಕಿತ್ತುಕೊಂಡು
ಚೀಟಿಯನ್ನು ತಿಂದುಬಿಟ್ಟಿತು.