ಕಣ್ಣಳತೆ

ಗಂಗೋತ್ರಿಯಿಂದ ಬಂದಿದೀಯ, ಕೂತ್ಕೊ.
ಆ ಕುರ್ಚಿ ಬ್ಯಾಡ, ಅದರದೊಂದು ಕಾಲು ಸುಳ್ಳು ಹೇಳ್ತದೆ.
ದೇಶದ ಚರಿತ್ರೆ ಬರೀತೀನಿ ಅಂದೆ.
ನನ್ನ ತಾವ ದೇಶ ಎಲ್ಲೈತವ್ವ?
ಮಂಡಿ ಮೊಹಲ್ಲಾದಲ್ಲಿ ಮುನವ್ವರ್ ಸಾಬರ ಅಂಗಡೀಲಿ
ನಲವತ್ತೊಂದು ವರ್ಷ ಕಾಜಾ ಹೊಲಿದವಳು,
ಅಶೋಕಪುರದ ಸಿದ್ದಾಜಮ್ಮ.
ಅಂಗಡಿ ಮುಚ್ಚಿದ ದಿನ ಕೊಟ್ಟಿದ್ದು ಇದೊಂದು
ಅಳತೆ ಪುಸ್ತಕ.

ಬಲಗಡೆಯಿಂದ ಬಿಚ್ಚು. ಅದು ಉರ್ದು.
ನಾನು ಕನ್ನಡದ ನಾಲ್ಕಕ್ಕೂ ಮುಂಚೆ ಕಲಿತಿದ್ದು ಸಾಬರ ನಾಲ್ಕು.
ಇವತ್ತಿಗೂ ಗ್ಯಾಸಿನ ಹುಡುಗನಿಗೆ ನಂಬರ್ ಬರ್ಕೊಡುವಾಗ
ಕೈ ತಪ್ಪಿ ಅದೇ ಬೀಳ್ತದೆ,
ಅವನು ನಗ್ತಾನೆ.

ಇಂಚು ಹೋಯ್ತು, ಸೆಂಟಿಮೀಟರ್ ಬಂತು ಅಂದ್ರು.
ಸಾಬರು ಟೇಪನ್ನ ಆ ಮಗ್ಗುಲಿಗೆ ತಿರುಗಿಸಿ ನೋಡಿ
ಮತ್ತೆ ಈ ಮಗ್ಗುಲಿಗೇ ತಿರುಗಿಸಿದರು.
'ಎದೆ ಅದೇ ಅಲ್ವೇನಮ್ಮ.'

ಈ ಪುಟ ನಿಧಾನ, ಹರಿದೀತು.
ಗಾಡಿಚೌಕದ ಮರಿನಂಜಯ್ಯನ ಮಗ. ಎದೆ ಮೂವತ್ತಾರು,
ಬಿಳಿ ಪಾಪ್ಲಿನ್, ಎರಡು ಜೇಬು.
ಚೀನಾದವರ ಮೇಲೆ ಹೋಗುವಾಗ
'ಬಂದು ಇಸ್ಕೊತೀನಿ' ಅಂದಿದ್ದ.
ಹದಿನೇಳು ವರ್ಷ ಗೂಟದಲ್ಲೇ ಇತ್ತು ಅಂಗಿ.
ಪ್ರತಿ ಯುಗಾದಿಗೆ ಒಗೆದು ಇಸ್ತ್ರಿ ಹಾಕ್ತಿದ್ದೆ,
ಹಾಕದ ಅಂಗೀಗೂ ಕಾಲರು ಕೊಳೆಯಾಗ್ತದೆ, ಗೊತ್ತಾ?

ಇಲ್ಲಿ ನೋಡು, ಒಂದೇ ತಿಂಗಳಲ್ಲಿ
ಹನ್ನೊಂದು ಜನಕ್ಕೆ ಸಡಿಲ ಪಾಯಿಜಾಮ.
ಯಾಕೆ ಅಂತ ನಾನು ಕೇಳ್ನಿಲ್ಲ, ಅವರು ಹೇಳ್ನಿಲ್ಲ.
ಒಬ್ಬ ಮೇಷ್ಟ್ರು ಮಾತ್ರ,
'ಇಬ್ಬರನ್ನ ಕರ್ಕೊಂಡೋದ್ರೆ ಸಂಬಳ, ಸಿಗದಿದ್ರೆ ನಾನೇ'
ಅಂತ ನಗೋಕೆ ಹೋಗಿ ಅತ್ತುಬುಟ್ಟ.
ನಿನ್ನ ಪುಸ್ತಕದಲ್ಲಿ ಅದಕ್ಕೆ ದೊಡ್ಡ ಹೆಸರಿರಬೇಕು.
ನಮ್ಮದರಲ್ಲಿ ಸೊಂಟದ ಮುಂದೆ ಒಂದೇ ಮಾತು:
ಸಡಿಲ.

ಈ ನಾಲ್ಕು ಪುಟ ಖಾಲಿ. ಕರ್ಫ್ಯೂ.
ಐದನೇ ದಿನ ಅರ್ಧ ಬಾಗಿಲು ತೆಗೆದಾಗ
ಅಗ್ರಹಾರದ ವಾಸುದೇವಾಚಾರ್ರು ನಿಂತಿದ್ರು, ಕೈಲಿ ಅಂಗಿ.
'ಗುಂಡಿ ಬಿದ್ದದೆ ಸಾಬರೇ.'
ಗುಂಡಿ ಬಿದ್ದಿರ್ನಿಲ್ಲ ಕಣವ್ವ, ಕಿತ್ತಿದ್ರು,
ದಾರದ ತುದಿ ಇನ್ನೂ ಹೊಸದು.
ನಾನು ನೋಡ್ದೆ. ಸಾಬರೂ ನೋಡಿದ್ರು.
ಹೊಲಿದು ಕೊಟ್ಟು, ದುಡ್ಡು ಇಸ್ಕೊಂಡ್ರು,
ಪೂರಾ ದುಡ್ಡು.

ಮೊದಲನೇ ಪುಟ ಬೇಕಂತಲೇ ಬಿಟ್ಟಿದ್ದೆ.

ನಮ್ಮಪ್ಪ ರೈಲ್ವೆ ವರ್ಕ್‌ಶಾಪಲ್ಲಿ ಕಬ್ಬಿಣ ಬಡೀತಿದ್ದ.
ಆಗ ದರ್ಜಿಗಳು ನಮ್ಮನ್ನ ಅಳೀತಿದ್ದದ್ದು
ಎರಡು ಮಾರು ದೂರದಿಂದ, ಕಣ್ಣಲ್ಲಿ.
'ತಿರುಗು' ಅನ್ನೋರು. ತಿರುಗಬೇಕು.
'ಸಾಕು' ಅನ್ನೋರು. ಹೋಗಬೇಕು.
ಕಂಕುಳು ಕಚ್ಚೋದು, ತೋಳು ಜೋಲೋದು,
ನಮ್ಮ ಕೇರೀಲಿ ಅಂಗಿ ಅಂದ್ರೆ
ಇನ್ನೊಬ್ಬರ ಅಂದಾಜು.

ಮುನವ್ವರ್ ಸಾಬರು ಕೂತಲ್ಲಿಂದ ಎದ್ದು ಬಂದ್ರು.
ಟೇಪನ್ನ ಅಪ್ಪನ ಎದೆ ಸುತ್ತ ತಂದ್ರು.
ಬೆರಳು ತಗುಲ್ತು.
ಅಪ್ಪ ಉಸಿರು ಕಟ್ಟಿದ.
ನಾನು ಪಕ್ಕದಲ್ಲೇ, ಹನ್ನೆರಡು ವರ್ಷ,
ಅವನ ಕುತ್ತಿಗೆ ನರ ಎದ್ದದ್ದು ಕಂಡೆ.
ಮೂವತ್ತಾರೂವರೆ ಇರೋ ಎದೆ
ಪುಸ್ತಕದಲ್ಲಿ ಮೂವತ್ತೊಂಬತ್ತಾಯ್ತು.

ಅಂಗಿ ದೊಗಳೆ ಬಂತು.
'ಹಿಡಿಸಿಕೊಡ್ತೀನಿ ತಗೊಂಬಾ' ಅಂದ್ರು ಸಾಬರು.
ಅಪ್ಪ ಬ್ಯಾಡ ಅಂದ.
ಸಾಯೋಗಂಟ ಅದೇ ಅಳತೇಲಿ ಹೊಲಿಸಿದ,
ಒಳಗೆ ಗಾಳಿ ಆಡ್ತಿತ್ತು.
ಹೊಸಬರು ಯಾರಾದ್ರೂ ಟೇಪ್ ತಂದ್ರೆ
ಪುಸ್ತಕದಲ್ಲಿ ಐತೆ ನೋಡ್ಕೊ, ಅಂತಿದ್ದ.

ಇದು ಚರಿತ್ರೆಗೆ ಬತ್ತದಾ?
ಬರದಿದ್ರೆ ಬುಡು, ಕಾಫಿ ಆರೋಯ್ತು.

ಈಗ ಆ ಮೆಷಿನ್ನು ಆರಿಸು, ಎದ್ದು ನಿಂತ್ಕೊ.
ರೆಡಿಮೇಡ್ ತಾನೆ ಇದು? ಭುಜ ಇಳಿದೈತೆ.
ನಿಮ್ಮಪ್ಪನ ಹೆಸರು ಏನಂದೆ...
ಬ್ಯಾಡ, ಅದು ಬ್ಯಾಡ. ಕೈ ಎತ್ತು.
ಮೂವತ್ಮೂರು.
ಊಹೂಂ,
ಉಸಿರು ಬುಡವ್ವ. ಇನ್ನೊಂದ್ಸಲ ನೋಡ್ತೀನಿ.