ಕಿವಿ ಕೊಟ್ಟವನು

ಜಿನೋವಾ, ಕಡಲಿಗೆ ಬೆನ್ನು ತಾಗಿಸಿ
ಮನೆಯ ಮೇಲೆ ಮನೆ ಹೇರಿಕೊಂಡು ಗುಡ್ಡ ಹತ್ತಿದ ಊರು.
ಇಲ್ಲಿ ಹಾಲು, ಹೆಣ, ಪಿಯಾನೊ, ಮದುಮಗಳು
ಎಲ್ಲ ಲಿಫ್ಟಿನಲ್ಲೇ ಇಳಿಯಬೇಕು.
ಆ ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ
ಅಂಕಿ ಎಣಿಸುವುದು ನನ್ನ ಕೆಲಸ.
ಸಾವಿರದ ಇನ್ನೂರ ಆರು ಲಿಫ್ಟು.
ನಾನು ಹತ್ತಿದ್ದು ಒಂಬತ್ತೋ ಹತ್ತೋ.

ಸೋಮವಾರದ ಸಭೆಯಲ್ಲಿ ಯಜಮಾನ ಶಕ್ಕಲೂಗ
ಪರದೆಯ ಮೇಲೆ ತಕ್ಕಡಿಯೊಂದನ್ನು ತೂಗುಬಿಟ್ಟು,
ಈ ತಟ್ಟೆಯಲ್ಲಿ ಜನ, ಆ ತಟ್ಟೆಯಲ್ಲಿ ಡೇಟಾ,
"ನಮ್ಮನ್ನು ಮೇಲೆತ್ತಿದ್ದು ಯಾವುದು?" ಎಂದ.
ಲಿಫ್ಟಿನವನಲ್ಲವೆ, ಮಾತೂ ಹಾಗೇ.
ಎಲ್ಲರೂ ನಕ್ಕರು.
ನಾನು ಪೆನ್ನಿನ ಮುಚ್ಚಳ ಕಚ್ಚುತ್ತ
ಒತ್ತಾವಿಯೋನ ಹಣೆ ನೆನೆಯುತ್ತಿದ್ದೆ.

ಒತ್ತಾವಿಯೋ ಸೆಮೀನೋ. ಬೀಗ ತೆಗೆಯುವ ಮುಂಚೆ
ಕಬ್ಬಿಣದ ಜಾಲರಿಗೆ ಹಣೆ ಒತ್ತಿ ನಿಲ್ಲುತ್ತಿದ್ದ,
ಎದ್ದಾಗ ಹಣೆಯ ತುಂಬ ಚೌಕಳಿ.
ಮೂರನೇ ಮಹಡಿ ದಾಟುವಾಗ ರಾಟೆ ಕೊರಗುತ್ತದೆ ಅನ್ನುತ್ತಿದ್ದ,
ಹಗ್ಗ ಹಲ್ಲು ಕಡಿಯುತ್ತಿದೆ ಅನ್ನುತ್ತಿದ್ದ,
ಒಮ್ಮೆ, ಬರೀ, "ಇದಕ್ಕೆ ಮನಸ್ಸಿಲ್ಲ."
ಇದನ್ನು ಯಾವ ಕಾಲಮ್ಮಿಗೆ ಹಾಕಲಿ ಎಂದರೆ
"ಓದಿದವಳು ನೀನು."

ಮೂರು ವರ್ಷ ಮೈಕು ಹಿಡಿದು ಅವನ ಹಿಂದೆ ಅಲೆದೆವು.
ಒಂದೊಂದು ಸದ್ದಿಗೂ ಅವನು ಬೆರಳೆತ್ತಬೇಕು.
ಒಂದು: ಸರಿ ಇದೆ.
ಎರಡು: ಇನ್ನೊಮ್ಮೆ ಬಂದು ನೋಡಬೇಕು.
ಮೂರು: ಈಗಲೇ ನಿಲ್ಲಿಸಿ.
ನಲವತ್ತೊಂದು ಸಾವಿರ ಸದ್ದು, ಅಷ್ಟೂ ಬೆರಳು.
ಜನವರಿಯಲ್ಲಿ ಕೈಗವಸು ತೆಗೆಯಲು ಗೊಣಗುತ್ತಿದ್ದ.
ದಿನವೂ ಕಿವಿ ಕೊಡುತ್ತಿದ್ದವನು
ಹೀಗೆ ಒಂದು ದಿನ
ಕೊಟ್ಟೇಬಿಟ್ಟ. ಯಂತ್ರ ಇಟ್ಟುಕೊಂಡಿತು.
ಸಂಬಳದ ಚೀಟಿಯಲ್ಲಿ ಅದು ಕಾಣಲಿಲ್ಲ.

ಹೋದ ಅಕ್ಟೋಬರು. ಆಸ್ಪತ್ರೆಯ ಹಿಂಬದಿಯ ಲಿಫ್ಟು.
ಅವನು ಹಣೆ ಒತ್ತಿ, ಕೇಳಿ, ಒಂದು ಬೆರಳೆತ್ತಿದ.
ನನ್ನ ಪರದೆಯಲ್ಲಿ ಮೂರು.
ಬಿಚ್ಚಿ ನೋಡಿದರೆ ಹಗ್ಗದ ಏಳು ಎಳೆ ಕಿತ್ತು
ಸವೆದ ಹಲ್ಲುಜ್ಜುವ ಬ್ರಷ್ಷಿನಂತೆ ನಿಂತಿದ್ದವು.
ಕೆಳಗೆ ಒಬ್ಬ ದಾದಿ ಗಾಲಿಮಂಚ ಹಿಡಿದು
"ಇನ್ನೂ ಎಷ್ಟು ಹೊತ್ತು?" ಎಂದು ಕೂಗುತ್ತಿದ್ದಳು.
ಅವನು ಎಳೆಗಳನ್ನು ಒಂದೊಂದಾಗಿ ಮುಟ್ಟಿದ.
"ಎಡಗಿವಿ ಹೋಗಿ ಎರಡು ವರ್ಷ" ಎಂದ, "ಹೇಳಿರಲಿಲ್ಲ."

ಯಂತ್ರ ಗೆದ್ದಿತು ಎಂದು ವರದಿ ಹೋಯಿತು, ಬರೆದವಳು ನಾನೇ.
ಸುಳ್ಳಲ್ಲ. ದಾದಿ ಬದುಕಿದ್ದಾಳೆ.
ಆದರೆ ಅಂದು ಆ ಕತ್ತಲ ಬಾವಿಯಲ್ಲಿ
ಮುದುಕನ ಕೈಹಿಡಿದು ತಡೆದವನು
ಐವತ್ತೆಂಟರ ಒತ್ತಾವಿಯೋ,
ಎರಡೂ ಕಿವಿ ನೆಟ್ಟಗಿದ್ದವನು.

ಅವನು ನಿವೃತ್ತನಾದ. ಕೇಕು ತರಿಸಿದೆವು, ಸಕ್ಕರೆ ಹೆಚ್ಚಾಗಿತ್ತು.

ಇನ್ನೊಂದು ಮಾತು, ವರದಿಯಲ್ಲಿ ಇಲ್ಲದ್ದು.
ಗುಡ್ಡದ ಮೇಲಿನ ಹಳದಿ ಕಟ್ಟಡದ ಲಿಫ್ಟು
ಹದಿನೈದು ದಿನಕ್ಕೊಮ್ಮೆ ಎರಡು ಬೆರಳು ತೋರಿಸುತ್ತದೆ.
ಹೊಸ ಹುಡುಗ ವಿಲ್ಮರ್ ಓಡುತ್ತಾನೆ,
ತಾಯಿಯೊಡನೆ ಎಕ್ವಡಾರಿನಿಂದ ಬಂದವನು, ಆತುರದವನು.
ರಾಟೆ ಸರಿ, ಹಗ್ಗ ಸರಿ, ಬಾಗಿಲು ಬೆಣ್ಣೆ.
"ಏನೂ ಇಲ್ಲ" ಅನ್ನುತ್ತಾನೆ ಫೋನಿನಲ್ಲಿ, ಬಾಯಿ ತುಂಬ ಬಿಸ್ಕತ್ತು.

ಹಳೆಯ ಕಡತ ಕೆದಕಿದೆ.
ಆ ಕಟ್ಟಡದ ಕಾವಲುಗಾರ್ತಿ ಇಲ್ದೆ
ಹೇಜಲ್ ಕಾಯಿ ಹುಡಿಹಾಕಿ ಕಾಫಿ ಮಾಡುತ್ತಾಳೆ.
ಆ ಮೂರು ವರ್ಷವೂ ಅಲ್ಲಿ, ಆರೋಗ್ಯವಂತ ಲಿಫ್ಟಿಗೆ,
ಒತ್ತಾವಿಯೋ ಮುಖ ಬಿಗಿದು
ಎರಡು ಬೆರಳೆತ್ತಿದ್ದ:
ಇನ್ನೊಮ್ಮೆ ಬಂದು ನೋಡಬೇಕು.
ಯಂತ್ರ ನಂಬಿತು. ಅದಕ್ಕೇನು ಗೊತ್ತು ಪಾಪ.

ದೋಷ ತಿದ್ದಲು ಐದು ನಿಮಿಷ ಸಾಕು.
ಪೆಟ್ರೋಲಿನ ಖರ್ಚನ್ನು "ಇತರೆ" ಎಂದು ಬರೆದು
ಶುಕ್ರವಾರ ವಿಲ್ಮರನ ಹಿಂದಿನ ಸೀಟಿನಲ್ಲಿ ಕೂತೆ.
ಹತ್ತಿದ ಲಿಫ್ಟುಗಳ ಲೆಕ್ಕ ಈಗ ಹನ್ನೊಂದು,
ಹತ್ತೂ ಇರಬಹುದು.
ಇಲ್ದೆ ಮೂರು ಬಟ್ಟಲು ಇಟ್ಟಳು,
ಮೂರನೆಯದು ಯಾರಿಗೆಂದು
ನಾನು ಕೇಳಲಿಲ್ಲ.