ಬಾಕಿ

ಗ್ರೀನ್ ಸ್ಟ್ರೀಟಿನ ರೇಡಿಯೋ ಕಾಯ್ತಾನ್ ಕಟ್ಟಿಕೊಟ್ಟ ಯಂತ್ರ ಇದು:
ಪೀವೀಸಿ ಪೈಪಿನ ಕೈ, ಊಟದ ತಟ್ಟೆಯಷ್ಟಗಲ ತಾಮ್ರದ ಸುರುಳಿ,
ಸತ್ತ ಮರ್ಫಿಯೊಂದರ ಸ್ಪೀಕರು.
"ಚಿನ್ನಕ್ಕೂ ಸೋಡಾ ಮುಚ್ಚಳಕ್ಕೂ ಹೆಚ್ಚುಕಡಿಮೆ ಒಂದೇ ರಾಗ ಇದರದ್ದು,
ಕಿವಿ ನಿಮ್ಮದು, ನೀವೇ ಪಳಗಿಸಿಕೊಳ್ಳಿ" ಅಂದ.

ಪಳಗಿಸಿದೆ.
ಇಳಿತದ ಹೊತ್ತು, ಕೋಡಿಬಾಗದ ಅಳಿವೆಯ ಹಸಿಮರಳಲ್ಲಿ
ಕುಯ್ಯೆಂದು ಸಣ್ಣಗೆ ಎಳೆದರೆ ಬಲೆಯ ಸೀಸದ ಗುಂಡು,
ನಡುವೆ ಮುರಿದರೆ ದೋಣಿಯ ಮೊಳೆ,
ಬಿಯರಿನ ಬಿಲ್ಲೆ ಸುಮ್ಮನೆ ಬಡಬಡಿಸುತ್ತದೆ.
ದುಂಡಗೆ, ತಡವರಿಸದೆ, ಎರಡೂ ಬದಿಯಿಂದ ಒಂದೇ ಸಮ ಕೂಗಿದರೆ
ಮಂಡಿಯೂರುತ್ತೇನೆ. ಅದು ನಾಣ್ಯ.

ಮೂವತ್ತೊಂದು ವರ್ಷ ಕಾರವಾರ ಡಿಪೋ, ಮಾಜಾಳಿ ಷೆಡ್ಯೂಲು;
ಚರ್ಮದ ಚೀಲದ ತಳಕ್ಕೆ ಬೆರಳಿಟ್ಟರೆ ಸಾಕು
ನಾಲ್ಕಾಣೆಯೋ ಎಂಟಾಣೆಯೋ ಉಗುರಿಗೇ ಗೊತ್ತಾಗುತ್ತಿತ್ತು.
ಈಗ ಉಗುರಿನ ಕೆಲಸವನ್ನು ಕಿವಿ ಮಾಡುತ್ತಿದೆ.

ಏನೇನು ಸಿಕ್ಕಿತು ಎಂದು ಕೇಳಿದವರ ಮುಂದೆ
ಹೆಂಡತಿ ಬೋರ್ನ್‌ವಿಟಾ ಡಬ್ಬಿ ತಂದು ಸುರಿಯುತ್ತಾಳೆ:
ಹೂವಿನಂಚಿನ ಹತ್ತು ಪೈಸೆ, ಉಪ್ಪು ತಿಂದು ತೂತುಬಿದ್ದದ್ದು,
ಬಂದೂಕಿನ ಗುಂಡೋ ಬಾಗಿಲ ಗುಬ್ಬಿಯೋ ತಿಳಿಯದ್ದು,
ಒಂದು ಕಡೆ ಶಿಲುಬೆ, ಇನ್ನೊಂದು ಕಡೆ ಸವೆದದ್ದು,
ಗೋವೆಯಲ್ಲಿ ಪರಂಗಿಯವರಿದ್ದ ಕಾಲದ್ದು.
ಕಾಯ್ತಾನ್ ಅದನ್ನು ಬನಿಯನ್ನಿಗೆ ಉಜ್ಜಿ ನೋಡಿ
"ನಮ್ಮಜ್ಜ ಗಡಿ ದಾಟಿಸಿ ಫೆಣಿ ತರುವಾಗ ಬೀಳಿಸಿದ್ದಿರಬೇಕು"
ಎಂದು ವಾರಸುದಾರಿಕೆಯನ್ನೇ ಹೂಡಿದ.
ಹವಾಲ್ದಾರರು ಒಂದು ದಿನ ಜೀಪು ನಿಲ್ಲಿಸಿ,
"ನಿಧಿ ಸಿಕ್ಕಿದರೆ ಸರ್ಕಾರದ್ದು, ಗೊತ್ತುಂಟಲ್ಲ?"
"ಚಿಲ್ಲರೆ ಸಿಕ್ಕಿದರೆ ಸಾರ್?"
ಸ್ವಲ್ಪ ಯೋಚಿಸಿದರು.
"ಚಿಲ್ಲರೆ ನೀವೇ ಇಟ್ಟುಕೊಳ್ಳಿ."

ನನ್ನದಲ್ಲ.
ಕಾಳಿ ಸೇತುವೆ ಹತ್ತಿದೊಡನೆ ಬಸ್ಸಿಗೆ ಬಸ್ಸೇ ಕಡಲ ಬದಿಗೆ ವಾಲುತ್ತಿತ್ತು.
ಕಿಟಕಿಯಿಂದ ಕೈಗಳು, ಹಣೆಗೊಮ್ಮೆ ಕಣ್ಣಿಗೊಮ್ಮೆ ಮುಟ್ಟಿಸಿ
ಬೀಸಿ ಎಸೆದ ಹತ್ತು, ಇಪ್ಪತ್ತು, ನಾಲ್ಕಾಣೆ;
ಅರ್ಧಕ್ಕರ್ಧ ಕಂಬಿಗೆ ಬಡಿದು ರಸ್ತೆಗೇ ವಾಪಸು.
ಇತ್ತ ನಾನು ಚಿಲ್ಲರೆ ಇಲ್ಲ, ಚಿಲ್ಲರೆ ಇಲ್ಲ ಎನ್ನುತ್ತ
ಟಿಕೇಟಿನ ಬೆನ್ನಿಗೆ ಬಾಕಿ ಬರೆಯುತ್ತಿದ್ದೆ.
ಊರಿಗಿಲ್ಲದ ಚಿಲ್ಲರೆ ನದಿಯ ಹತ್ತಿರ ಇತ್ತು.

ಬರೆದದ್ದನ್ನೆಲ್ಲ ಕೊಟ್ಟಿಲ್ಲ.
ಇಳಿಯುವ ಅವಸರದಲ್ಲಿ ಮರೆತವರು, ನಾಚಿ ಕೇಳದವರು,
ಕೇಳುತ್ತಿರುವಾಗಲೇ ನಾನು ಡಬಲ್ ಬೆಲ್ ಕೊಟ್ಟವರು.
ದಿನದ ಚಹಾ ಅದರಲ್ಲೇ ಆಗುತ್ತಿತ್ತು, ಸುಳ್ಳೇಕೆ.
ಒಬ್ಬಳು ಮಾತ್ರ ನೆನಪಿದ್ದಾಳೆ: ಶೇವಂತಿ ತಾಂಡೇಲ.
ಮೀನುಬುಟ್ಟಿಗೂ ಅರ್ಧ ಟಿಕೇಟು ಹರಿದಿದ್ದೆ,
ಎಂಟಾಣೆ ಬಾಕಿ, ಎಂಬತ್ತೊಂಬತ್ತರ ನವೆಂಬರು.
ಸೇತುವೆಯ ಉದ್ದಕ್ಕೂ ಕೈ ಚಾಚಿಯೇ ಇದ್ದಳು
ನದಿಗಲ್ಲ, ನನ್ನ ಕಡೆಗೆ.

ಹಳೇ ಸೇತುವೆ ನೀರಿಗೆ ಬಿದ್ದ ಮೇಲೆ
ಆ ಕಡೆ ಯಂತ್ರ ಒಯ್ಯುವ ಹಾಗಿಲ್ಲ;
ಕಾಂಕ್ರೀಟಿನ ಚೂರು ಚೂರಿನೊಳಗೂ ಸರಳು ಬೊಬ್ಬೆ ಹೊಡೆಯುತ್ತದೆ.
ದೂರದ ಮರಳುದಿಣ್ಣೆಯಲ್ಲಿ, ಕಳೆದ ಗುರುವಾರ,
ದುಂಡಗಿನ ಕೂಗು. ಗೇಣುದ್ದ ಅಗೆದೆ.
ಎಂಟಾಣೆ. ಇಸವಿ ಅಳಿಸಿದೆ, ಹಸಿರು ಹತ್ತಿದೆ.

ಮೀನು ಮಾರ್ಕೆಟ್ಟಿನಲ್ಲಿ ಅವಳದ್ದು ಈಗಲೂ ಮೂರನೇ ಕಟ್ಟೆ.
ಕೊಟ್ಟೆ. ಕಥೆ ಹೇಳಿದೆ. ಕತ್ತಿ ನಿಲ್ಲಿಸದೆ ಕೇಳಿದಳು.
"ನೀವು ಆಗಲೇ ಕೊಟ್ಟಿದ್ದರೆ ಇದನ್ನು ನದಿಗೇ ಹಾಕುತ್ತಿದ್ದೆ.
ಇವರು ಕಡಲಿಗೆ ಹೋದ ದಿನ ಹಾಕದೆ ದಾಟಿದವಳಲ್ಲ ನಾನು.
ಅವತ್ತು ಖಾಲಿ ಕೈ ಮುಗಿದೆ."

ಕೇಳಬಾರದಿತ್ತು, ಕೇಳಿದೆ: ದೋಣಿ?

"ದೋಣಿ ಬಂತು. ಬಾರದೆ ಹೋದದ್ದು ಮುಂದಿನ ವರ್ಷ.
ಆವತ್ತು ನಾನು ಇಡೀ ರೂಪಾಯಿ ಹಾಕಿದ್ದೆ.
ನದಿ ಏನು ಕಂಡಕ್ಟರಾ,
ಟಿಕೇಟಿನ ಬೆನ್ನಿಗೆ ಬರೆದಿಡಲಿಕ್ಕೆ?"

ಎಂಟಾಣೆಯನ್ನು ಐಸಿನ ಮೇಲೆ ಬಂಗಡೆಗಳ ನಡುವೆ ಇಟ್ಟಳು;
ಅಷ್ಟೊಂದು ಕಣ್ಣುಗಳಲ್ಲಿ ಅದೂ ಒಂದು ಕಣ್ಣಾಯಿತು.
ನೂರರ ನೋಟು ಕೊಟ್ಟು ನಾಲ್ಕು ಬಂಗಡೆ ತೆಗೆದುಕೊಂಡೆ.
ಸೊಂಟದ ಚೀಲ ಕೊಡವಿ,
"ಚಿಲ್ಲರೆ ಇಲ್ಲ," ಅಂದಳು, "ನಾಳೆ ಬನ್ನಿ."
ನಗಲಿಲ್ಲ.

ಬಾಕಿ ಇಪ್ಪತ್ತು.
ನಾಳೆ ಇಳಿತ ಆರೂಕಾಲಕ್ಕೆ.